ಅರವತ್ತು ಕಿಲೋ ಚೀಲ, ಹತ್ತು ಸೆಕೆಂಡಿನ ಚಿತ್ರ

ನಮ್ಮ ಸಂಸ್ಥೆಯ ಸದಸ್ಯರು ನನ್ನನ್ನು ಕಾಣಲು ಬರುವುದು ಸಾಮಾನ್ಯವಾಗಿ ಜಿಎಸ್‌ಟಿ ರಿಟರ್ನ್, ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಸಾಲದ ಅರ್ಜಿ ಮೊದಲಾದ ಕೆಲಸಗಳಿಗಾಗಿ. ಹೀಗೆ ಶಿರಂಗಾಲದ ನಮ್ಮ ಮನೆಗೆ ಬಂದ ಶುಂಠಿ ವ್ಯಾಪಾರಿಯೊಬ್ಬರು ಗಣಕಯಂತ್ರದ ಪರದೆಯನ್ನು ಕಂಡು ಬೆರಗಾದರು. ಅದರಲ್ಲಿ ಟ್ಯಾಲಿ ಇರಲಿಲ್ಲ. ಬೂದು ಬಣ್ಣದ ಬೊಂಬೆಯೊಂದು ಗೋಣಿಚೀಲವನ್ನು ಹೆಗಲಿಗೇರಿಸಲು ಹೆಣಗುತ್ತಿತ್ತು. "ಇದೇನ್ ಸಾರ್, ಮೊಮ್ಮಕ್ಕಳಿಗಾ?" ಎಂದು ಕೇಳಿದರು. "ಅಲ್ಲ, ನನಗೇ" ಎಂದೆ. ಅವರು ನಕ್ಕು, ಬಂದ ಕೆಲಸ ಮುಗಿಸಿಕೊಂಡು ಹೊರಟವರು, ಬಾಗಿಲ ಬಳಿ ನಿಂತು ಅಪ್ಪಟ ವ್ಯಾಪಾರಿಯ ಪ್ರಶ್ನೆಯೊಂದನ್ನು ಕೇಳಿದರು: "ಇದನ್ನ ಕಲಿಯೋಕೆ ಎಷ್ಟು ಖರ್ಚಾಯ್ತು?"

ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷಗಳ ಕಾಲ ಅನ್ಯರ ಖರ್ಚುವೆಚ್ಚಗಳನ್ನು ಪರಿಶೀಲಿಸಿದ ಲೆಕ್ಕಪರಿಶೋಧಕನಿಗೆ ತನ್ನ ಹವ್ಯಾಸದ ಲೆಕ್ಕ ಒಪ್ಪಿಸಲು ಬಾರದೆ ಹೋದದ್ದು ನಾಚಿಕೆಯ ಸಂಗತಿಯೇ ಸರಿ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಪಾತ್ರದ ಅನಿಮೇಷನ್ ಎಂದರೇನು?

ಗಣಕಯಂತ್ರದಲ್ಲಿ ಒಂದು ಬೊಂಬೆಯನ್ನು ರೂಪಿಸಿ, ಅದಕ್ಕೆ ನಡಿಗೆ, ನೋಟ, ದಣಿವು, ಅನುಮಾನ ಇವುಗಳನ್ನು ತುಂಬುವ ಕೆಲಸವೇ ಪಾತ್ರದ ಅನಿಮೇಷನ್. ಕನ್ನಡಿಗರಿಗೆ ಇದು ತೀರ ಹೊಸದೇನೂ ಅಲ್ಲ. ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಯಕ್ಷಗಾನದ ಗೊಂಬೆಗಳನ್ನು ಸೂತ್ರದಿಂದ ಕುಣಿಸಿ ದೇಶವಿದೇಶಗಳಲ್ಲಿ ಹೆಸರಾಗಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಗೊಂಬೆಯ ಕೀಲು ಎಲ್ಲಿರಬೇಕು, ಯಾವ ದಾರ ಎಳೆದರೆ ಯಾವ ಅಂಗ ಏಳಬೇಕು ಎಂಬ ಅವರ ವಿದ್ಯೆಯೇ ಗಣಕಯಂತ್ರದಲ್ಲಿ "ರಿಗ್" ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಬೊಂಬೆಯೊಳಗೆ ಎಲುಬುಗಳನ್ನು ಜೋಡಿಸಿ, ಯಾವ ಎಲುಬು ಚರ್ಮದ ಯಾವ ಭಾಗವನ್ನು ಎಷ್ಟು ಎಳೆಯಬೇಕು ಎಂಬುದನ್ನು ಗೊತ್ತುಪಡಿಸುವುದೇ ಆ ಕೆಲಸ.

ಒಂದು ವ್ಯತ್ಯಾಸವುಂಟು. ಗೊಂಬೆಯಾಟದವರು ಆಡಿಸುತ್ತಿರುವಾಗಲೇ ಗೊಂಬೆ ಆಡುತ್ತದೆ. ಇಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳಂತೆ, ಹತ್ತು ಸೆಕೆಂಡಿಗೆ 240 ಚಿತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಬೇಕು. ಮುಖ್ಯವಾದ ಭಂಗಿಗಳನ್ನು ನಾವು ಇಡುತ್ತೇವೆ. ಅವುಗಳಿಗೆ "ಕೀ ಫ್ರೇಮ್" ಎಂದು ಹೆಸರು. ನಡುವಿನ ಚಿತ್ರಗಳನ್ನು ಯಂತ್ರ ತುಂಬಿಕೊಡುತ್ತದೆ. ಯಂತ್ರ ತುಂಬಿದ್ದನ್ನು ಹಾಗೆಯೇ ಬಿಟ್ಟರೆ ಬೊಂಬೆ ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ವೇಗ ಎಲ್ಲಿ ಹೆಚ್ಚಬೇಕು, ಎಲ್ಲಿ ತಗ್ಗಬೇಕು ಎಂಬುದನ್ನು ರೇಖಾನಕ್ಷೆಯಲ್ಲಿ ತಿದ್ದುವುದರಲ್ಲಿಯೇ ಕಲಿಯುವವನ ಬಹುಪಾಲು ಸಮಯ ಕಳೆಯುತ್ತದೆ.

ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲೆಯ 12 ತತ್ತ್ವಗಳನ್ನು ವಿವರಿಸಿದ್ದಾರೆ. ಯಾವುದೇ ಚಲನೆಗೆ ಮುನ್ನ ಅದರ ಸಿದ್ಧತೆ ಕಾಣಬೇಕು, ಚಲನೆ ಕಮಾನಿನ ಹಾದಿಯಲ್ಲಿ ಸಾಗಬೇಕು, ದೇಹ ನಿಂತ ಮೇಲೂ ತೋಳು ಬಟ್ಟೆಗಳು ಕ್ಷಣಕಾಲ ಮುಂದುವರಿಯಬೇಕು ಎಂಬಿವು ಅವುಗಳಲ್ಲಿ ಕೆಲವು. ಪುಟಿಯುವ ಚೆಂಡಿನಿಂದ ಆರಂಭಿಸಿ, ಅನಂತರ ನಡಿಗೆ, ಆಮೇಲೆ ಭಾರ ಎತ್ತುವುದು ಎಂಬ ಕ್ರಮದಲ್ಲಿ ಕಲಿಯುವುದು ವಾಡಿಕೆ. ನಾನು ಚೆಂಡನ್ನು ಬಿಟ್ಟು ನೇರವಾಗಿ ಮನುಷ್ಯನಿಗೆ ಕೈಹಾಕಿದೆ. ಮೊದಲ ಮೂರು ತಿಂಗಳು ನನ್ನ ಬೊಂಬೆಯ ಪಾದಗಳು ಎಣ್ಣೆ ಚೆಲ್ಲಿದ ನೆಲದ ಮೇಲೆಂಬಂತೆ ಜಾರುತ್ತಿದ್ದವು.

ದಿವಾಳಿಯಾದ ಕಂಪನಿ, ಉಳಿದ ತಂತ್ರಾಂಶ

ನಾನು ಬಳಸುವ ತಂತ್ರಾಂಶದ ಹೆಸರು ಬ್ಲೆಂಡರ್. ಇದರ ಇತಿಹಾಸ ವ್ಯಾಪಾರಿಗಳು ತಿಳಿಯತಕ್ಕದ್ದಾಗಿದೆ. ಇದನ್ನು ನೆದರ್‌ಲ್ಯಾಂಡ್ಸ್ ದೇಶದ ಟಾನ್ ರೂಸೆಂಡಾಲ್ 1994ರಲ್ಲಿ ತಮ್ಮ ಸ್ಟುಡಿಯೋದ ಸ್ವಂತ ಉಪಯೋಗಕ್ಕಾಗಿ ಬರೆಯಲಾರಂಭಿಸಿದರು. 1998ರಲ್ಲಿ ಇದನ್ನು ಮಾರುಕಟ್ಟೆಗೆ ತರಲೆಂದೇ ಒಂದು ಕಂಪನಿ ಸ್ಥಾಪನೆಯಾಯಿತು. ಹೂಡಿಕೆದಾರರ ಹಣ ಬಂತು. ನಿರೀಕ್ಷಿಸಿದ ಆದಾಯ ಬರಲಿಲ್ಲ. 2002ರ ಆರಂಭದಲ್ಲಿ ಕಂಪನಿ ಬಾಗಿಲು ಮುಚ್ಚಿತು.

ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಸರಕು ಹರಾಜಾಗುತ್ತದೆ, ಕಥೆ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಒಂದು ಲಕ್ಷ ಯೂರೋ ಕೊಟ್ಟರೆ ತಂತ್ರಾಂಶದ ಮೂಲಬರಹವನ್ನು ಬಿಟ್ಟುಕೊಡಲು ಹೂಡಿಕೆದಾರರು ಒಪ್ಪಿದರು. ರೂಸೆಂಡಾಲ್ ಬಳಕೆದಾರರ ಮುಂದೆ ಕೈಚಾಚಿದರು. ಏಳು ವಾರಗಳಲ್ಲಿ ಹಣ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಸಾರ್ವಜನಿಕರ ಕೈಸೇರಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಪರವಾನಗಿಯೊಂದಿಗೆ. ಅಂದು ಹಣ ಕೊಟ್ಟವರಾರೂ ಷೇರು ಪಡೆಯಲಿಲ್ಲ, ಲಾಭಾಂಶ ಕೇಳಲಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಬ್ಲೆಂಡರ್ ಪ್ರತಿಷ್ಠಾನ 2006ರಲ್ಲಿ "ಎಲಿಫೆಂಟ್ಸ್ ಡ್ರೀಮ್", 2008ರಲ್ಲಿ "ಬಿಗ್ ಬಕ್ ಬನ್ನಿ" ಎಂಬ ಕಿರುಚಿತ್ರಗಳನ್ನು ತಯಾರಿಸಿ, ಚಿತ್ರದೊಂದಿಗೆ ಅದರ ಬೊಂಬೆಗಳ ಮೂಲ ಕಡತಗಳನ್ನೂ ಕಲಿಯುವವರಿಗೆ ತೆರೆದಿಟ್ಟಿತು. ಮೊದಲ ದರ್ಜೆಯ ಕಾರ್ಖಾನೆಯೊಂದು ತನ್ನ ಅಚ್ಚುಗಳನ್ನೂ ನಕ್ಷೆಗಳನ್ನೂ ಅಂಗಡಿಯ ಮುಂಗಟ್ಟಿನಲ್ಲಿ ಇಟ್ಟಂತೆ ಇದು. ಪೂರ್ಣವಾಗಿ ಬ್ಲೆಂಡರ್‌ನಲ್ಲಿ ತಯಾರಾದ ಲಾಟ್ವಿಯಾದ "ಫ್ಲೋ" ಎಂಬ ಮಾತಿಲ್ಲದ ಚಿತ್ರ 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಗಳಿಸಿತು. ಅದರ ವೆಚ್ಚ ಸುಮಾರು 35 ಲಕ್ಷ ಯೂರೋ. ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಇದು ಚಿಲ್ಲರೆ ಹಣ.

ಭಾನುವಾರದ ಚೀಟಿ

ತಂತ್ರಾಂಶ ಉಚಿತವಾದ ಮಾತ್ರಕ್ಕೆ ವಿದ್ಯೆ ಕೈಗೂಡುವುದಿಲ್ಲ. ಅಂತರಜಾಲದಲ್ಲಿ ಪಾಠಗಳಿಗೆ ಕೊರತೆಯಿಲ್ಲ. ಆದರೆ ಪಾಠ ಹೇಳುವ ಯಂತ್ರ ನನ್ನ ತಪ್ಪನ್ನು ನೋಡಲಾರದು. ಇದನ್ನು ಒಮ್ಮೆ ಕುಶಾಲನಗರದಲ್ಲಿ ಮದುವೆ ವಿಡಿಯೋ ಮಾಡುವ ಪರಿಚಿತರೊಬ್ಬರ ಬಳಿ ಹೇಳಿಕೊಂಡೆ. ಅವರಿಗೂ ಇದೇ ಹುಚ್ಚು ಇರುವುದು ಆಗ ತಿಳಿಯಿತು. ಅವರ ಮೂಲಕ ಒಬ್ಬ ಚಿತ್ರಕಲಾ ಶಿಕ್ಷಕರು, ಒಬ್ಬ ವೆಲ್ಡಿಂಗ್ ಶಾಪಿನ ಮಾಲೀಕರು, ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಸೇರಿದರು. ತಿಂಗಳಿಗೊಂದು ಭಾನುವಾರ ವಿಡಿಯೋದವರ ಅಂಗಡಿಯ ಮೇಲಿನ ಕೋಣೆಯಲ್ಲಿ ಐವರೂ ಕೂಡುವುದೆಂದಾಯಿತು. ನಾನು ಹೆಬ್ಬಾಲೆ, ಕೂಡಿಗೆ ದಾಟಿ ಬಸ್ಸಿನಲ್ಲಿ ಹೋಗುತ್ತಿದ್ದೆ.

ಕೂಟದ ನಿಯಮವನ್ನು ರೂಪಿಸಿದವರು ವೆಲ್ಡಿಂಗ್ ಶಾಪಿನವರು. "ಚೀಟಿ ಥರ ಮಾಡೋಣ" ಎಂದರು. ಚೀಟಿಯಲ್ಲಿ ಎಲ್ಲರೂ ಪ್ರತಿ ತಿಂಗಳು ಕಟ್ಟಬೇಕು, ಒಬ್ಬರು ಎತ್ತಬೇಕು. ನಾವು ಕಟ್ಟುತ್ತಿದ್ದುದು ಗಮನವನ್ನು. ಯಾರ ಸರದಿಯೋ ಅವರ ಅರ್ಧಂಬರ್ಧ ಚಿತ್ರವನ್ನು ಉಳಿದ ನಾಲ್ವರೂ ಒಂದೊಂದೇ ಚೌಕಟ್ಟಿನಂತೆ ನೋಡಿ, ಎಲ್ಲಿ ತಪ್ಪಿದೆಯೆಂದು ಹೇಳಬೇಕು. "ಚೆನ್ನಾಗಿದೆ" ಎಂಬ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಮುಗಿದ ಚಿತ್ರ ತರುವಂತಿಲ್ಲ; ತಿದ್ದಲು ಇನ್ನೂ ಅವಕಾಶವಿರುವಾಗಲೇ ತರಬೇಕು. ಹಣದ ವ್ಯವಹಾರವಿಲ್ಲವಾದ್ದರಿಂದ ಚೀಟಿ ಕಾಯಿದೆ ನಮಗೆ ಅನ್ವಯಿಸದೆಂದು ನಾನು ವೃತ್ತಿಪರ ಅಭಿಪ್ರಾಯ ಕೊಟ್ಟೆ.

ಜಾರುವ ಪಾದದ ರೋಗವನ್ನು ಗುರುತಿಸಿದವರು ಚಿತ್ರಕಲಾ ಶಿಕ್ಷಕರು. ನಾನು ಕಾಲಿನಿಂದ ಆರಂಭಿಸುತ್ತಿದ್ದೆ. ಸೊಂಟದಿಂದ ಆರಂಭಿಸಿ ಎಂದರು. ದೇಹದ ಭಾರವೆಲ್ಲ ಸೊಂಟದಲ್ಲಿದೆ, ಅದು ಮೊದಲು ಹೊರಡಬೇಕು, ಕಾಲು ಅದನ್ನು ಹಿಡಿಯಲು ಮುಂದಕ್ಕೆ ಓಡಬೇಕು. ನಡಿಗೆಯೆಂದರೆ ಬೀಳುವುದನ್ನು ಪ್ರತಿ ಹೆಜ್ಜೆಯಲ್ಲಿ ತಡೆಯುವುದು ಎಂಬ ಅವರ ವಿವರಣೆ ಇಂದಿಗೂ ನೆನಪಿದೆ. ಹಿಮ್ಮಡಿ ನೆಲ ಮುಟ್ಟುವುದು, ದೇಹ ತಗ್ಗುವುದು, ಒಂದು ಕಾಲು ಇನ್ನೊಂದನ್ನು ಹಾಯುವುದು, ದೇಹ ಏಳುವುದು ಎಂಬ ನಾಲ್ಕು ಭಂಗಿಗಳನ್ನು ಸರಿಯಾಗಿ ಇಟ್ಟರೆ ಸಾಮಾನ್ಯ ನಡಿಗೆಯ ಒಂದು ಹೆಜ್ಜೆ ಸುಮಾರು 12 ಚಿತ್ರಗಳಲ್ಲಿ, ಎಂದರೆ ಅರ್ಧ ಸೆಕೆಂಡಿನಲ್ಲಿ, ಮುಗಿಯುತ್ತದೆ.

ವಿಡಿಯೋದವರು ಇನ್ನೊಂದು ಉಪಕಾರ ಮಾಡಿದರು. ನನ್ನ ಯಂತ್ರ ಒಂದು ಚಿತ್ರವನ್ನು ಸಿದ್ಧಪಡಿಸಲು ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. 240 ಚಿತ್ರಗಳಿಗೆ ಎಂಟು ಗಂಟೆ. ಜುಲೈ ತಿಂಗಳ ಮಳೆಯಲ್ಲಿ ಏಳನೆಯ ಗಂಟೆಗೆ ಕರೆಂಟು ಹೋಗಿ, ಇಡೀ ರಾತ್ರಿಯ ಕೆಲಸ ಎರಡು ಬಾರಿ ನಾಶವಾಯಿತು. ಒಂದೇ ವಿಡಿಯೋ ಕಡತವಾಗಿ ತೆಗೆಯದೆ, ಬಿಡಿಬಿಡಿ ಚಿತ್ರಗಳಾಗಿ ತೆಗೆಯಿರಿ ಎಂದರು ಅವರು. ಆಗ ಕರೆಂಟು ಹೋದರೂ ನಿಂತ ಕಡೆಯಿಂದ ಮುಂದುವರಿಸಬಹುದು. ಪುಸ್ತಕ ಬರೆಯುವವರು ಈ ಮಾತನ್ನು ಬರೆಯದಿರಬಹುದು. ಕೊಡಗಿನ ಮಳೆಗಾಲದಲ್ಲಿ ಕೆಲಸ ಮಾಡಿದವರು ಹೇಳದೆ ಇರಲಾರರು.

ಹಮಾಲಿಯವರ ಪಾಠ

ನನ್ನ ಚಿತ್ರದ ವಸ್ತು ಸರಳವಾದದ್ದು. ನಮ್ಮ ಭಾಗದಲ್ಲಿ ಶುಂಠಿಯ ಧಾರಣೆ ನಡೆಯುವುದು 60 ಕಿಲೋ ಚೀಲದ ಲೆಕ್ಕದಲ್ಲಿ. ಅಂತಹ ಒಂದು ಚೀಲವನ್ನು ಒಬ್ಬಾತ ಎತ್ತಿ, ನಾಲ್ಕು ಹೆಜ್ಜೆ ನಡೆದು, ಲಾರಿಗೆ ಹಾಕಬೇಕು. ಹತ್ತು ಸೆಕೆಂಡು. ಕೂಟದ ಐವರೂ ನೋಡಿದರೂ ಎಲ್ಲೋ ಏನೋ ಕೊರತೆ ಎಂಬುದರ ಹೊರತು ಹೆಚ್ಚಿನದನ್ನು ಯಾರಿಂದಲೂ ಹೇಳಲಾಗಲಿಲ್ಲ. ಕಾರಣ ಸ್ಪಷ್ಟ. ನಮ್ಮಲ್ಲಿ ಯಾರೂ ಚೀಲ ಹೊತ್ತವರಲ್ಲ.

ಮೊದಲು ಹೇಳಿದ ಶುಂಠಿ ವ್ಯಾಪಾರಿಯವರ ಗೋದಾಮಿಗೆ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಅಲ್ಲಿಯ ಹಿರಿಯ ಹಮಾಲಿಯವರು ಬೀಡಿ ಆರಿಸಿ, ಎರಡು ಬಾರಿ ನೋಡಿ, "ಇದ್ರಲ್ಲಿ ಶುಂಠಿ ಇಲ್ಲ ಸಾರ್, ಹತ್ತಿ ತುಂಬಿದ್ದೀರಿ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಬಳಿಕ ಅವರು ತಾವೇ ಒಂದು ಚೀಲ ಎತ್ತಿ ತೋರಿಸಿದರು. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಚಿತ್ರೀಕರಿಸಿಕೊಂಡೆ.

ಮನೆಗೆ ಬಂದು ನಿಧಾನವಾಗಿ ನೋಡಿದಾಗ ನನ್ನ ಅಜ್ಞಾನ ಬಯಲಾಯಿತು. ನನ್ನ ಬೊಂಬೆ ಅರ್ಧ ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತಿತ್ತು. ಅವರು ಏಳಲು ತೆಗೆದುಕೊಂಡದ್ದು ಸುಮಾರು ಒಂದೂವರೆ ಸೆಕೆಂಡು. ಅದರ ಮೊದಲ ಭಾಗದಲ್ಲಿ ಚೀಲ ನೆಲ ಬಿಟ್ಟಿರಲೇ ಇಲ್ಲ. ಆದರೆ ಮೈ ಆಗಲೇ ಬಿಗಿದಿತ್ತು. ಎತ್ತುವ ಮೊದಲು ಅವರು ಪಾದಗಳನ್ನು ಅಗಲಿಸಿದ್ದರು, ಚೀಲವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡಿದ್ದರು. ಹೆಗಲಿಗೇರಿದ ಮೇಲೆ ಸೊಂಟ ಎದುರು ಬದಿಗೆ ಸರಿದಿತ್ತು, ಕತ್ತು ಪಕ್ಕಕ್ಕೆ ವಾಲಿತ್ತು, ಹೆಜ್ಜೆಗಳು ಚಿಕ್ಕದಾಗಿ ಚುರುಕಾಗಿದ್ದವು. ಭಾರ ಹೊತ್ತವನು ನಿಧಾನವಾಗಿ ನಡೆಯುತ್ತಾನೆಂದು ನಾನು ತಿಳಿದಿದ್ದೆ. ಭಾರ ಹೊತ್ತವನಿಗೆ ನಿಧಾನವಾಗಿ ನಡೆಯುವ ಅನುಕೂಲವಿರುವುದಿಲ್ಲ. "ಚೀಲ ಇಳಿದ ಮೇಲೆ ಮೈ ತಾನಾಗಿ ಮೇಲಕ್ಕೆ ಏಳ್ಬೇಕು ಸಾರ್, ಅದು ನಿಮ್ಮದ್ರಲ್ಲಿ ಇಲ್ಲ" ಎಂದು ಅವರು ಹೇಳಿದ್ದ ಮಾತು ಈಗ ಅರ್ಥವಾಯಿತು. 12 ತತ್ತ್ವಗಳಲ್ಲಿ ಮೂರು ನಾಲ್ಕನ್ನು ಅವರು ಒಂದು ಚೀಲ ಎತ್ತಿ ವಿವರಿಸಿದ್ದರು.

ಇದಕ್ಕೆ ಹಣ ಕೊಡಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. "ನೋಡಿ ಹೇಳೋಕೆ ಎಂಥ ದುಡ್ಡು? ಕೊನೇಲಿ ಹೆಸರು ಬರುತ್ತಲ್ಲ, ಅದ್ರಲ್ಲಿ ನಂದೂ ಹಾಕಿ" ಎಂದರು.

ನನ್ನ ಬಾಕಿ

ಇಷ್ಟನ್ನು ಹೇಳಿ, ನನ್ನ ಲೋಪವನ್ನು ಮುಚ್ಚಿಟ್ಟರೆ ಲೆಕ್ಕ ಅಪೂರ್ಣವಾಗುತ್ತದೆ. ಕೂಟದ ಎರಡನೆಯ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ಸಭೆಗಳಿಗೆ ನಾನು ಹೋಗಲಿಲ್ಲ. ತೆರಿಗೆ ಲೆಕ್ಕಪರಿಶೋಧನೆಯ ಗಡುವು ಹತ್ತಿರವಾಗಿತ್ತು. ಕಾರಣ ಸಾಚಾ ಆಗಿತ್ತು. ಆದರೆ ಸೆಪ್ಟೆಂಬರ್ ಸರದಿ ಡಿಪ್ಲೊಮಾ ವಿದ್ಯಾರ್ಥಿಯದಾಗಿತ್ತು. ಆತ ಬೆಂಗಳೂರಿನ ಸ್ಟುಡಿಯೋವೊಂದರ ತರಬೇತಿಗೆ ಅರ್ಜಿ ಹಾಕಲು ತನ್ನ ಚಿತ್ರವನ್ನು ಸಿದ್ಧಪಡಿಸುತ್ತಿದ್ದ. ಅದಕ್ಕೂ ಮೊದಲು ನನ್ನ ಮೂರು ಸರದಿಗಳಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪುಗಳನ್ನು ಹುಡುಕಿಕೊಟ್ಟವನು ಆತನೇ. ಅಂದು ಸಭೆಗೆ ಬಂದವರು ಇಬ್ಬರು ಮಾತ್ರ. ಚಿತ್ರ ತಿದ್ದದೆಯೇ ಹೋಯಿತು, ಆಯ್ಕೆಯಾಗಲಿಲ್ಲ.

ಅದಕ್ಕೆ ನನ್ನ ಗೈರುಹಾಜರಿಯೇ ಕಾರಣವೆಂದು ಹೇಳಲಾರೆ. ಅಲ್ಲವೆಂದು ಪ್ರಮಾಣಪತ್ರ ಕೊಡಲೂ ಆರೆ. ಆತ ಏನೂ ಆಕ್ಷೇಪಿಸಲಿಲ್ಲ. ಮುಂದಿನ ಬಾರಿ ನನ್ನ ಚಿತ್ರ ನೋಡಿ, "ಚೆನ್ನಾಗಿದೆ ಸಾರ್" ಎಂದಷ್ಟೇ ಹೇಳಿದ. ನಮ್ಮ ಕೂಟದಲ್ಲಿ ಹೇಳಬಾರದೆಂದು ನಿಯಮ ಮಾಡಿದ್ದ ಮಾತು ಅದೇ ಆಗಿತ್ತು. ಚೀಟಿ ಎತ್ತಿಕೊಂಡು ಕಂತು ನಿಲ್ಲಿಸಿದವನಿಗೆ ಸಲ್ಲುವ ಶಿಕ್ಷೆ ಅದು.

ಅನಂತರ ಎಂಟು ಭಾನುವಾರ ಆತನ ಮನೆಗೇ ಹೋಗಿ ಆತನ ಚಿತ್ರದ ಜೊತೆ ಕುಳಿತೆ. ತಾಂತ್ರಿಕವಾಗಿ ಆತನಿಗೆ ನಾನು ಕಲಿಸುವಂತಹುದು ಏನೂ ಇರಲಿಲ್ಲ. ಕುಳಿತು ನೋಡುವುದೇ ನಾನು ಕೊಡಬೇಕಾಗಿದ್ದ ಬಾಕಿ. ಆರನೆಯ ಭಾನುವಾರ ಆತ, "ಸಾರ್, ನಿಮ್ಮ ಬೊಂಬೆಯ ಎಡಮೊಣಕೈ ಇನ್ನೂ ಸತ್ತೇ ಇದೆ" ಎಂದಾಗ ಖಾತೆ ಸರಿಹೋಯಿತೆಂದು ತಿಳಿದೆ. ಆತ ಈಗ ಕುಶಾಲನಗರದಲ್ಲಿಯೇ ಮದುವೆ ಆಮಂತ್ರಣಗಳಿಗೆ ಅನಿಮೇಷನ್ ಮಾಡಿಕೊಡುತ್ತಾ ಸಂಪಾದಿಸುತ್ತಿದ್ದಾನೆ. ಮತ್ತೊಮ್ಮೆ ಅರ್ಜಿ ಹಾಕುವ ಸಿದ್ಧತೆಯಲ್ಲಿಯೂ ಇದ್ದಾನೆ.

ಸದಸ್ಯರ ಗಮನಕ್ಕೆ

ಇದರಲ್ಲಿ ನಮ್ಮ ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾಗಬಹುದಾದ ಕೆಲವು ಅಂಶಗಳಿವೆ.

1. ಯಂತ್ರ ತಯಾರಿಸುವವರು ಅದು ಕೆಲಸ ಮಾಡುವ ಬಗೆಯನ್ನು ಗ್ರಾಹಕರಿಗೆ ಚಿತ್ರದ ಮೂಲಕ ತೋರಿಸಬಹುದು. ನಮ್ಮ ಕೂಟದ ವೆಲ್ಡಿಂಗ್ ಶಾಪಿನವರು ಶುಂಠಿ ತೊಳೆಯುವ ಯಂತ್ರವೊಂದನ್ನು ಮೊದಲು ಪರದೆಯ ಮೇಲೆ ತಿರುಗಿಸಿ ತೋರಿಸಿ, ಅನಂತರ ಕಬ್ಬಿಣ ಕತ್ತರಿಸಿದರು.

2. ಪರವಾನಗಿಯಿಲ್ಲದ ತಂತ್ರಾಂಶದ ನಕಲನ್ನು ತಿಳಿದೂ ಬಳಸುವುದು ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ ಅಪರಾಧ. ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಉಚಿತವೂ ನ್ಯಾಯಬದ್ಧವೂ ಆದ ತಂತ್ರಾಂಶ ಇರುವಾಗ ಈ ಅಪಾಯಕ್ಕೆ ತಲೆಕೊಡಬೇಕಾಗಿಲ್ಲ. ಬ್ಲೆಂಡರ್‌ನಲ್ಲಿ ನೀವು ತಯಾರಿಸಿದ ಚಿತ್ರ ನಿಮ್ಮದೇ, ಅದನ್ನು ಮಾರಬಹುದು. ಆದರೆ ಬೇರೆಯವರ ಬೊಂಬೆಯನ್ನೋ ಸಂಗೀತವನ್ನೋ ಬಳಸಿದರೆ ಅದರ ಷರತ್ತನ್ನು ಪ್ರತ್ಯೇಕವಾಗಿ ಓದಬೇಕು.

3. ಯಂತ್ರಕ್ಕೆ ಕನಿಷ್ಠ 8 ಜಿಬಿ ಮೆಮೊರಿ ಇರಲಿ. ಗ್ರಾಫಿಕ್ಸ್ ಭಾಗ ತೀರ ಹಳೆಯದಾದರೆ ಹೊಸ ಆವೃತ್ತಿ ತೆರೆದುಕೊಳ್ಳುವುದಿಲ್ಲ. ಹಳೆಯ ಆವೃತ್ತಿಗಳೂ ದೊರೆಯುತ್ತವೆ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಬ್ಲೆಂಡರ್‌ನ ಉಚಿತ ಪಾಠಗಳಿವೆ.

4. ಹವ್ಯಾಸದ ವೆಚ್ಚ ವೈಯಕ್ತಿಕ ವೆಚ್ಚ. ಮಗನಿಗೆ ಕೊಡಿಸಿದ ಗ್ರಾಫಿಕ್ಸ್ ಕಾರ್ಡನ್ನು ಅಂಗಡಿಯ ಲೆಕ್ಕಕ್ಕೆ ತರಬೇಡಿ. ತಂದರೆ ನಾನೇ ತೆಗೆದುಹಾಕುತ್ತೇನೆ.

5. ಮಕ್ಕಳು ಈ ಕ್ಷೇತ್ರಕ್ಕೆ ಹೋಗುತ್ತೇವೆಂದರೆ ಒಡನೆ ಬೇಡವೆನ್ನಬೇಡಿ. ಅನಿಮೇಷನ್ ಮತ್ತು ಸಂಬಂಧಿತ ಉದ್ಯಮಗಳಿಗಾಗಿ 2012ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಬಂದಿದೆ. 2025ರ ಜುಲೈನಲ್ಲಿ ಕನ್ನಡದಲ್ಲಿಯೂ ತೆರೆಕಂಡ "ಮಹಾವತಾರ ನರಸಿಂಹ" ಅನಿಮೇಷನ್ ಚಿತ್ರಕ್ಕೆ ದೊಡ್ಡವರೂ ಸಾಲುಗಟ್ಟಿ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ.

ಒಂದು ವಾಕ್ಯ ಬರೆದರೆ ಕೃತಕ ಬುದ್ಧಿಮತ್ತೆಯೇ ಚಿತ್ರ ಮಾಡಿಕೊಡುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಟ್ಯಾಲಿ ಬಂದಾಗಲೂ ಇಂತಹ ಪ್ರಶ್ನೆ ಕೇಳಿದ್ದರು. ತಾಳೆಪಟ್ಟಿಯನ್ನು ಯಂತ್ರ ಮಾಡುತ್ತದೆ; ಅದರಲ್ಲಿ ಸುಳ್ಳು ಎಲ್ಲಿದೆ ಎಂದು ನೋಡುವ ಕಣ್ಣು ಇಂದಿಗೂ ಬೇಕು. ಚೀಲದಲ್ಲಿ ಹತ್ತಿ ಇದೆಯೋ ಶುಂಠಿ ಇದೆಯೋ ಎಂದು ಹೇಳುವವರೂ ಬೇಕು.

ಲೆಕ್ಕ

ಈಗ ಶುಂಠಿ ವ್ಯಾಪಾರಿಯವರ ಪ್ರಶ್ನೆಗೆ ಉತ್ತರ. ತಂತ್ರಾಂಶ, ಸೊನ್ನೆ. ಗಣಕಯಂತ್ರ, ಕಚೇರಿಯಲ್ಲಿ ಬಳಸಿ ಬಿಟ್ಟದ್ದು. ಮೆಮೊರಿ ಹೆಚ್ಚಿಸಲು ಒಂದಿಷ್ಟು ಖರ್ಚು. ಬಸ್ ಚಾರ್ಜು, ಕಾಫಿ. ನನ್ನ ಸಮಯ, ವಾರಕ್ಕೆ ಆರು ಗಂಟೆಯಂತೆ ಮೂರು ವರ್ಷ, ಎಂದರೆ 900 ಗಂಟೆಗೂ ಮಿಗಿಲು. ಇವಿಷ್ಟನ್ನು ಪುಸ್ತಕದಲ್ಲಿ ಬರೆಯಬಹುದು. ಶಿಕ್ಷಕರ ಸೊಂಟದ ಪಾಠ, ವಿಡಿಯೋದವರ ಮಳೆಗಾಲದ ಉಪಾಯ, ಹುಡುಗನ ಮೊಣಕೈ ಟೀಕೆ, ಹಮಾಲಿಯವರು ಎತ್ತಿದ ಚೀಲ ಇವುಗಳಿಗೆ ರಸೀದಿಯಿಲ್ಲ. ಇವು ಹೊಣೆಗಾರಿಕೆಯ ಪಟ್ಟಿಯಲ್ಲಿ ಸೇರುತ್ತವೆ. ತೀರಿಸುವ ವಿಧಾನ ಇನ್ನೊಬ್ಬರ ಅರ್ಧ ಚಿತ್ರದ ಮುಂದೆ ಕುಳಿತುಕೊಳ್ಳುವುದೊಂದೇ.

ಕಳೆದ ತಿಂಗಳು ತಿದ್ದಿದ ಚಿತ್ರವನ್ನು ಅದೇ ಗೋದಾಮಿನಲ್ಲಿ ತೋರಿಸಿದೆ. ಕೊನೆಯ ಫಲಕದಲ್ಲಿ ಹಮಾಲಿಯವರ ಹೆಸರೇ ಮೊದಲಿತ್ತು. ಅವರು ಹೆಸರನ್ನು ಓದಿಸಿಕೊಂಡು, ಚಿತ್ರವನ್ನು ಮೂರು ಬಾರಿ ನೋಡಿ, ಯೋಚಿಸಿ ಹೇಳಿದರು: "ಈಗ ಶುಂಠಿ ಇದೆ ಸಾರ್. ಆದ್ರೆ ಅರವತ್ತಿಲ್ಲ, ನಲವತ್ತಿದೆ."

ಉಳಿದ ಇಪ್ಪತ್ತು ಕಿಲೋ ತುಂಬುವ ಕೆಲಸ ನಡೆದಿದೆ. ಆಸಕ್ತಿಯುಳ್ಳ ಸದಸ್ಯರು, ಅವರ ಮಕ್ಕಳು, ಅಂಗಡಿಯ ಸಹಾಯಕರು ಯಾರು ಬೇಕಾದರೂ ತಿಂಗಳ ಮೂರನೆಯ ಭಾನುವಾರ ನಮ್ಮ ಕೂಟಕ್ಕೆ ಬರಬಹುದು. 20ನೆಯ ತಾರೀಖಿನ ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಬಂದರೆ ನನಗೆ ಹೆಚ್ಚಿನ ಸಂತೋಷ. ಮುಗಿಯದ ಕೆಲಸವೊಂದನ್ನು ಕೈಯಲ್ಲಿ ಹಿಡಿದು ಬನ್ನಿ.